ಬಿರ್ಕೆಲಾಂಡ್ ಪಂಡಿತನ ಚರಿತ್ರೆ

ಭೂಗೋಲದ ಉತ್ತರ ಧ್ರುವಕ್ಕೆ ಸಮೀಪವಾದ ನಾರ್ವೆ ದೇಶದ ತುದಿಯಲ್ಲಿ ಚಳಿಗಾಲ ಬಂದಿತೆಂದರೆ ಅನೇಕ ವಾರಗಳ ತನಕ ಸೂರ್ಯನು ಉದಯಿಸುವುದೇ ಇಲ್ಲ. ಆ ದೀರ್ಘವಾದ ಕತ್ತಲೆಯಲ್ಲಿ ಕೆಲವು ರಾತ್ರಿಗಳಂದು ಆಕಾಶದಲ್ಲಿ ಹಸುರಾದ ಬೆಳಕೊಂದು ತೋರಿ, ಗಾಳಿಗೆ ಅಲುಗುವ ಪರದೆಯಂತೆ ಅತ್ತಿತ್ತ ಓಲಾಡಿ, ಅಂಚಿನಲ್ಲಿ ಕೆಂಪೇರಿ, ಬಳಿಕ ಅಡಗಿಹೋಗುತ್ತದೆ. ಇದಕ್ಕೆ ಧ್ರುವಪ್ರಭೆ ಎಂದು ಹೆಸರು. ನಮ್ಮ ನಾಡಿನವರು ಇದನ್ನು ಕಾಣಲಾರದ ಕಾರಣ ವಾಚಕರು ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳಬೇಕು. ಪೂರ್ವದಲ್ಲಿ ಆ ಸೀಮೆಯ ಜನರು ಇದಕ್ಕೆ ಬಹಳ ಭಯಪಡುತ್ತಿದ್ದರು. ಅದನ್ನು ನೋಡಿ ಸಿಳ್ಳು ಹಾಕಬಾರದೆಂದು ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದರು. ಈ ಬೆಳಕಿನ ಗುಟ್ಟನ್ನು ತಿಳಿಯುವುದಕ್ಕಾಗಿ ತನ್ನ ಹಣವನ್ನೂ ಆರೋಗ್ಯವನ್ನೂ ವೆಚ್ಚಮಾಡಿದ ಒಬ್ಬನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಕ್ರಿಸ್ತಿಯಾನ್ ಬಿರ್ಕೆಲಾಂಡನು 1867ನೇ ಇಸವಿ ದಶಂಬರ 13ರಲ್ಲಿ ನಾರ್ವೆಯ ರಾಜಧಾನಿಯಾದ ಕ್ರಿಸ್ತಿಯಾನಿಯಾ ಪಟ್ಟಣದಲ್ಲಿ ಹುಟ್ಟಿದನು. ಆ ಪಟ್ಟಣಕ್ಕೆ 1925ರಿಂದ ಆಸ್ಲೊ ಎಂದು ಹೆಸರಾಯಿತು. ಅವನು ಅಲ್ಲಿ ಓದಿದ ಮೇಲೆ ಪ್ಯಾರಿಸ್, ಜಿನೀವಾ, ಬಾನ್ ಎಂಬ ಪಟ್ಟಣಗಳಿಗೆ ಹೋಗಿ ದೊಡ್ಡ ಪಂಡಿತರ ಬಳಿಯಲ್ಲಿ ವಿದ್ಯುಚ್ಛಾಸ್ತ್ರವನ್ನು ಅಭ್ಯಾಸಮಾಡಿದನು. 1898ರಲ್ಲಿ ಸ್ವಂತ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಆಗ ಅವನಿಗೆ ಮೂವತ್ತು ವರ್ಷ ವಯಸ್ಸು.

ಧ್ರುವಪ್ರಭೆಯು ಕಾಣುವಾಗ ದಿಕ್ಸೂಚಿಯ ಮುಳ್ಳು ತನ್ನ ನೆಲೆಬಿಟ್ಟು ಕದಲುವುದನ್ನು ಸ್ವೀಡನ್ ದೇಶದ ಹ್ಯೋರ್ಟರ್, ಸೆಲ್ಸಿಯಸ್ ಎಂಬವರು 1741ರಲ್ಲಿಯೇ ಕಂಡಿದ್ದರು. ವಿದ್ಯುತ್ತು ಹರಿಯುವ ತಂತಿಯನ್ನು ಮುಳ್ಳಿನ ಹತ್ತಿರಕ್ಕೆ ತಂದರೂ ಹೀಗೆಯೇ ಆಗುತ್ತದೆ. ಹಾಗಾದರೆ ಆಕಾಶದಲ್ಲಿಯೂ ಒಂದು ವಿದ್ಯುತ್ಪ್ರವಾಹವು ಹರಿಯುತ್ತಿರಬೇಕಲ್ಲವೇ? ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿಯ ಅಯಸ್ಕಾಂತಶಕ್ತಿಯು ಧ್ರುವಗಳ ಕಡೆಗೆ ಎಳೆದುಕೊಳ್ಳುತ್ತದೆ ಎಂದು ಬಿರ್ಕೆಲಾಂಡನು 1896ರಲ್ಲಿ ಊಹಿಸಿದನು. ಆದರೆ ಊಹೆಯೊಂದೇ ಸಾಲದು. ನೋಡಿ ಅಳೆದು ರುಜುವಾತುಪಡಿಸಬೇಕಾಗಿತ್ತು.

ಆದದರಿಂದ ಅವನು ತರುಣರನ್ನು ಕೂಡಿಸಿಕೊಂಡು ನಡು ಚಳಿಗಾಲದಲ್ಲಿ ಉತ್ತರಕ್ಕೆ ಹೊರಟನು. ಆರಂಭದ ಯಾತ್ರೆಗಳೊಂದರಲ್ಲಿ ಹೆಲ್ಲಾಂಡ್ ಹಾನ್ಸೆನ್ ಎಂಬ ವೈದ್ಯ ವಿದ್ಯಾರ್ಥಿಯು ಹಿಮಗಾಳಿಗೆ ಸಿಕ್ಕಿ, ಅವನ ಬೆರಳುಗಳು ಮರಗಟ್ಟಿ, ಅವುಗಳಲ್ಲಿ ಬಹಳವನ್ನು ಕತ್ತರಿಸಬೇಕಾಯಿತು. ಶಸ್ತ್ರವೈದ್ಯನಾಗುವ ಅವನ ಆಸೆ ಅಲ್ಲಿಗೆ ಮುಗಿಯಿತು. ಆದಾಗ್ಯೂ ಅವನು ಕುಗ್ಗದೆ ಸಮುದ್ರಶಾಸ್ತ್ರವನ್ನು ಹಿಡಿದು ಅದರಲ್ಲಿ ಪ್ರಖ್ಯಾತನಾದನು. 1899ರಲ್ಲಿ ಆಲ್ಟಾ ಊರಿನ ಹತ್ತಿರ, ಸುಮಾರು 900 ಮೀಟರು ಎತ್ತರದ ಹಾಲ್ಡೆ ಬೆಟ್ಟದ ನೆತ್ತಿಯ ಮೇಲೆ ಕಲ್ಲಿನಿಂದ ವೇಧಶಾಲೆ ಕಟ್ಟಲ್ಪಟ್ಟಿತು. ಆ ಚಳಿಗಾಲದ ಯಾತ್ರೆಯಲ್ಲಿ ಎಲಿಸಾರ್ ಬೋಯೆ ಎಂಬ ತರುಣನು ಜಾರಿಬಿದ್ದ ಹಿಮರಾಶಿಯ ಕೆಳಗೆ ಸಿಕ್ಕಿ ಸತ್ತನು. ಜ್ಞಾನಕ್ಕೆ ಕ್ರಯವುಂಟು. ಅದನ್ನು ಎಲ್ಲಾ ಸಲವೂ ಯಜಮಾನನೊಬ್ಬನೇ ತೆರುವುದಿಲ್ಲ.

1902–1903ರಲ್ಲಿ ಬಿರ್ಕೆಲಾಂಡನು ಇನ್ನೂ ದೊಡ್ಡ ಪ್ರಯತ್ನ ಮಾಡಿದನು. ಉತ್ತರ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗೆನ್, ನೊವಾಯಾ ಜೆಮ್ಲ್ಯಾ ಎಂಬ ನಾಲ್ಕು ಸ್ಥಳಗಳಲ್ಲಿ ಜನರನ್ನಿಟ್ಟು, ಒಂದೇ ಗಳಿಗೆಯಲ್ಲಿ ಎಲ್ಲೆಲ್ಲಿ ಕಾಂತದ ಮುಳ್ಳು ಎಷ್ಟೆಷ್ಟು ಕದಲಿತೆಂದು ಬರೆಯಿಸಿದನು. ಲೋಕದ ಬೇರೆ ವೇಧಶಾಲೆಗಳ ಲೆಕ್ಕಗಳನ್ನೂ ತರಿಸಿದನು. ಅವನ್ನೆಲ್ಲಾ ಹೋಲಿಸಿ ನೋಡಲಾಗಿ, ಧ್ರುವಪ್ರಭೆಯ ಎಡೆಯಲ್ಲಿ ಮಹಾಪ್ರವಾಹವು ಅಡ್ಡವಾಗಿ ಹರಿಯುವುದೆಂದೂ, ಅದು ಬಹಿರಾಕಾಶದಿಂದ ಭೂಮಿಯ ಕಾಂತರೇಖೆಗಳ ಗುಂಟ ಇಳಿದುಬಂದು ಅದೇ ರೀತಿ ಮೇಲಕ್ಕೆ ಹಿಂತಿರುಗುವುದೆಂದೂ ನಿಶ್ಚಯಿಸಿದನು. ಈ ವಿಚಾರಗಳ ದೊಡ್ಡ ಗ್ರಂಥವು 1908ರಲ್ಲಿಯೂ 1913ರಲ್ಲಿಯೂ ಎರಡು ಭಾಗವಾಗಿ ಪ್ರಕಟವಾಯಿತು.

ಅದಲ್ಲದೆ ಅವನು ಮನೆಯೊಳಗೇ ಒಂದು ಪುಟ್ಟ ಭೂಮಿಯನ್ನು ಮಾಡಿದನು. ಲೋಹದ ಗುಂಡಿನೊಳಗೆ ವಿದ್ಯುತ್ಕಾಂತವನ್ನಿಟ್ಟು, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಒಳಗಿನ ಗಾಳಿಯನ್ನು ಹೀರಿ ತೆಗೆದು, ಅದರ ಕಡೆಗೆ ಕ್ಯಾಥೋಡ್ ಕಿರಣಗಳನ್ನು ಬಿಟ್ಟನು. ಆಗ ಗುಂಡಿನ ಎರಡು ಧ್ರುವಗಳ ಸುತ್ತಲೂ ಬೆಳಕಿನ ಬಳೆ ಮೂಡಿತು. ಆಕಾಶದಲ್ಲಿ ಆಗುವುದಕ್ಕೆ ಇದು ಚಿಕ್ಕದಾದ ಪ್ರತಿರೂಪವಾಗಿತ್ತು.

ಇಷ್ಟಕ್ಕೆಲ್ಲಾ ಹಣವೆಲ್ಲಿ? ಅವನು ವಿದ್ಯುತ್ತಿನಿಂದ ಗುಂಡು ಹಾರಿಸುವ ತೋಪನ್ನು ಕಲ್ಪಿಸಿ, 1903ರಲ್ಲಿ ಅನೇಕ ದೊಡ್ಡ ಮನುಷ್ಯರನ್ನು ಕರೆದು ತೋರಿಸಿದನು. ಗುಂಡಿಯೊತ್ತಿದ ಕೂಡಲೇ ಭಯಂಕರವಾದ ಸದ್ದೂ ಬೆಂಕಿಯ ನಾಲಿಗೆಯೂ ಹೊರಟು ಜನರು ದಿಗಿಲುಬಿದ್ದರು. ತೋಪಿನ ಕಾರ್ಯ ಕೆಟ್ಟಿತು. ಆದರೆ ಅಂಥ ವಿದ್ಯುಜ್ಜ್ವಾಲೆಯೇ ಮತ್ತೊಂದಕ್ಕೆ ಉಪಯೋಗವಾಯಿತು. ಸಾಮುವೆಲ್ ಐಡೆ ಎಂಬ ಇಂಜಿನಿಯರನೊಂದಿಗೆ ಸೇರಿ, ಆ ಜ್ವಾಲೆಯನ್ನು ಕಾಂತದಿಂದ ತಟ್ಟೆಯಂತೆ ಅಗಲಮಾಡಿ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಹೊಲಗಳಿಗೆ ಗೊಬ್ಬರವಾಗುವ ಉಪ್ಪನ್ನು ಮಾಡಿದನು. ಅದಕ್ಕೆ ಮೊದಲು ಇಂಥ ಉಪ್ಪು ಹೆಚ್ಚಾಗಿ ಚಿಲಿ ದೇಶದಿಂದಲೇ ಬರುತ್ತಿತ್ತು. 1905ರಲ್ಲಿ ನಾರ್ಸ್ಕ್ ಹೈಡ್ರೊ ಎಂಬ ಕಂಪೆನಿ ಹುಟ್ಟಿತು. ವಿದ್ಯುತ್ತು ಅತಿಯಾಗಿ ಬೇಕಾದದರಿಂದ ಈ ರೀತಿಯು ಮುಂದೆ ಬಿಟ್ಟುಹೋದರೂ, ಬಿರ್ಕೆಲಾಂಡನ ಸಂಶೋಧನೆಗೆ ಹಣ ದೊರಕಿತು.

ಆದರೂ ಅವನ ಬಾಳು ಸುಖವಾಗಿರಲಿಲ್ಲ. ಎಡೆಬಿಡದ ದುಡಿಮೆಯಿಂದ ನಿದ್ರೆ ದೂರವಾಯಿತು, ಕಿವಿ ಮಂದವಾಯಿತು. 1905ರಲ್ಲಿ ಆದ ವಿವಾಹವು 1911ರಲ್ಲಿ ಮುರಿದುಹೋಯಿತು. ನೊಬೆಲ್ ಬಹುಮಾನಕ್ಕೆ ಹಲವು ಸಲ ಅವನ ಹೆಸರು ಸೂಚಿಸಲ್ಪಟ್ಟರೂ ಅದು ಸಿಕ್ಕಲಿಲ್ಲ. 1913ರಲ್ಲಿ ಆಕಾಶದ ಮತ್ತೊಂದು ಮಂದವಾದ ಬೆಳಕನ್ನು ಶೋಧಿಸಲು ಐಗುಪ್ತ ದೇಶಕ್ಕೆ ಹೋದನು. ಅಲ್ಲಿ ಒಂಟಿಯಾಗಿದ್ದು, ಯಾರೋ ತನ್ನನ್ನು ಹಿಂಬಾಲಿಸುತ್ತಾರೆಂಬ ಭಯಕ್ಕೆ ಒಳಗಾದನು. ಮಹಾಯುದ್ಧದ ದೆಸೆಯಿಂದ ನೆಟ್ಟಗೆ ಊರಿಗೆ ಹಿಂತಿರುಗದೆ ಜಪಾನಿನ ದಾರಿ ಹಿಡಿದವನು, 1917ನೇ ಜೂನ್ 15ರಲ್ಲಿ ಟೋಕಿಯೋ ಪಟ್ಟಣದ ಹೋಟೆಲಿನ ಕೋಣೆಯಲ್ಲಿ ಸತ್ತು ಬಿದ್ದಿದ್ದನು. ನಿದ್ರೆಯ ಔಷಧವನ್ನು ಅಳತೆಗೆ ಮೀರಿ ತೆಗೆದುಕೊಂಡಿದ್ದನು. ಆಗ ಅವನಿಗೆ ನಾಲ್ವತ್ತೊಂಭತ್ತು ವರ್ಷ.

ಸತ್ತ ಮೇಲೆಯೂ ಅವನ ಮಾತನ್ನು ಬಹಳ ಪಂಡಿತರು ಒಪ್ಪಲಿಲ್ಲ. ಇಂಗ್ಲೆಂಡಿನ ಸಿಡ್ನಿ ಚಾಪ್ಮನ್ ಎಂಬ ದೊಡ್ಡ ವಿದ್ವಾಂಸನು, ಈ ಪ್ರವಾಹಗಳು ಮೇಲಣ ವಾಯುಮಂಡಲದಲ್ಲಿಯೇ ಸುತ್ತುತ್ತವೆ ಎಂದು ಕಲಿಸಿದನು. ನೆಲದ ಮೇಲಿನ ಮುಳ್ಳನ್ನು ಮಾತ್ರ ನೋಡಿ ಇವೆರಡರಲ್ಲಿ ಯಾವುದು ನಿಜವೆಂದು ತೀರ್ಮಾನಿಸುವುದು ಆಗದ ಕೆಲಸವಾಗಿತ್ತು. ಸ್ವೀಡನ್ನಿನ ಆಲ್ಫ್‌ವೆನ್ ಮಾತ್ರ ಬಿರ್ಕೆಲಾಂಡನ ಪಕ್ಷ ಹಿಡಿದನು. ಕಡೆಗೆ ಅಮೆರಿಕದವರು ಹಾರಿಸಿದ ಉಪಗ್ರಹವೊಂದು ಧ್ರುವಪ್ರಭೆಯ ಮೇಲ್ಗಡೆ ಹಾದುಹೋಗುತ್ತಾ ಅಯಸ್ಕಾಂತಶಕ್ತಿಯ ಕದಲಿಕೆಯನ್ನು ಅಳೆಯಿತು. ಆ ಅಳತೆಗಳು 1966ರಲ್ಲಿ ಪ್ರಕಟವಾದವು. ಅವು ಕಾಂತರೇಖೆಗಳ ಗುಂಟ ಹರಿಯುವ ಪ್ರವಾಹಗಳೇ ಎಂದು 1967ರಲ್ಲಿ ಅರಿತರು. ಅವನು ಸತ್ತು ಆಗ ಸರಿಯಾಗಿ ಐವತ್ತು ವರ್ಷ. ಈಗ ಅವುಗಳಿಗೆ ಬಿರ್ಕೆಲಾಂಡ್ ಪ್ರವಾಹಗಳೆಂದೇ ಹೆಸರು.

ಅವನ ಎಲ್ಲಾ ಮಾತುಗಳೂ ಸರಿಯಾಗಿದ್ದವೆಂದು ಹೇಳುವುದಿಲ್ಲ. ಸೂರ್ಯನಿಂದ ಬಂದ ಕಣಗಳು ನೆಟ್ಟಗೆ ಧ್ರುವಗಳಿಗೆ ಬೀಳುತ್ತವೆಂದು ಅವನು ನೆನಸಿದನು. ಅವು ಮೊದಲು ಭೂಮಿಯ ಕಾಂತಮಂಡಲಕ್ಕೆ ತಗಲಿ ಅದನ್ನು ಕಲಕುತ್ತವೆಂದೂ, ಅಲ್ಲಿ ವೇಗ ಹೊಂದಿದ ಇಲೆಕ್ಟ್ರಾನುಗಳು ಕೆಳಗಿಳಿದು ಸುಮಾರು 100 ಕಿಲೋಮೀಟರು ಎತ್ತರದಲ್ಲಿಯೂ ಅದರ ಮೇಲೆಯೂ ಗಾಳಿಯ ಕಣಗಳಿಗೆ ಬಡಿದು ಬೆಳಕನ್ನು ಹುಟ್ಟಿಸುತ್ತವೆಂದೂ ಈಗ ತಿಳಿದಿದೆ. ಹಸುರು ಬೆಳಕು ಆಮ್ಲಜನಕದ್ದು.

1994ರಲ್ಲಿ ನಾರ್ವೆಯ ಸರಕಾರದವರು 200 ಕ್ರೋನರ್ ನೋಟಿನ ಮೇಲೆ ಅವನ ಮುಖವನ್ನು ಅಚ್ಚುಹಾಕಿಸಿದರು. ಬದುಕಿದ್ದಾಗ ಹಣಕ್ಕಾಗಿ ಅಲೆದವನ ಮುಖವು ಹೀಗೆ ಅನೇಕ ವರ್ಷ ಎಲ್ಲರ ಕೈಯಲ್ಲಿಯೂ ಇತ್ತು. ವಾಚಕರೇ, ಬಿತ್ತಿದವನೇ ಕೊಯ್ಯುವನೆಂಬ ನಿಯಮವಿಲ್ಲ. ಆದರೆ ಸರಿಯಾಗಿ ಅಳೆದು ಬರೆದಿಟ್ಟ ಲೆಕ್ಕವು ಬರೆದವನು ಹೋದ ಮೇಲೆಯೂ ಕಾದುಕೊಂಡಿರುತ್ತದೆ. ಬೋಯೆಯ ಮರಣವೂ ಹಾನ್ಸೆನನ ಬೆರಳುಗಳೂ ಬಿರ್ಕೆಲಾಂಡನ ನಿದ್ರೆಯಿಲ್ಲದ ರಾತ್ರಿಗಳೂ ಆ ಲೆಕ್ಕದೊಳಗೆ ಸೇರಿವೆ ಎಂಬುದನ್ನು ನಾವು ಮರೆಯದೆ ಇರೋಣ.