ಗ್ರೇಸ್ ಹಾಪರ್ ಎಂಬ ಗಣಿತ ವಿದುಷಿ

ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಕನ್ನಡ ಸಂಘದ ಪತ್ರಿಕೆಗೆಂದು ಜಾಲತಾಣವೊಂದನ್ನು ಕಟ್ಟುತ್ತಿದ್ದನು. ಎರಡು ದಿನ ಹೆಣಗಿದರೂ ಪುಟ ತೆರೆಯದಿರಲು, ಈ ವಿದ್ಯೆ ತನಗೆ ಒಲಿಯದೆಂದು ಕೈಚೆಲ್ಲಿ ಕುಳಿತನು. ಕೊನೆಗೆ ಕಂಡುಬಂದ ದೋಷಗಳು ಎರಡೇ. ಅವನು ಬಳಸಿದ ಫ್ಲಾಸ್ಕ್ ಎಂಬ ತಂತ್ರಾಂಶವು ಪುಟದ ಅಚ್ಚುಗಳನ್ನು ಟೆಂಪ್ಲೇಟ್ಸ್ ಎಂಬ ಬಹುವಚನದ ಹೆಸರುಳ್ಳ ಫೋಲ್ಡರಿನಲ್ಲಿ ಹುಡುಕುವುದು ರೂಢಿ; ಈತನು ಏಕವಚನದಲ್ಲಿ ಹೆಸರಿಟ್ಟಿದ್ದನು. ಮೇಲಾಗಿ ತನ್ನ ಕಡತವನ್ನೂ ಫ್ಲಾಸ್ಕ್ ಎಂದೇ ಕರೆದಿದ್ದರಿಂದ, ಇಂಪೋರ್ಟ್ ಮಾಡಹೋದಾಗ ನಿಜವಾದ ಮಾಡ್ಯೂಲಿಗೆ ಬದಲಾಗಿ ಅವನ ಕಡತವೇ ಓಗೊಟ್ಟಿತು. ಹೆಸರುಗಳನ್ನು ತಿದ್ದಿದೊಡನೆ ಪುಟ ತೆರೆಯಿತು. ಆದರೂ ಅವನ ಮುಖದ ಮ್ಲಾನತೆ ಹೋಗಲಿಲ್ಲ. ಆಗ ನಾನು ಗ್ರೇಸ್ ಹಾಪರ್ ಅವರ ಜೀವನವೃತ್ತಾಂತವನ್ನು ಅವನಿಗೆ ಹೇಳಿದೆನು.

ಆಕೆ ಜನಿಸಿದ್ದು 1906ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ತಾವು ಓದಿದ ವ್ಯಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳವನ್ನು ಸೇರಬಯಸಿದಾಗ, ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ ಬಂದಿತು. ವಿನಾಯಿತಿ ಪಡೆದು 1943ರಲ್ಲಿ ಸೇರಿಯೇ ಸೇರಿದರು. ಮರುವರ್ಷ ಹಾರ್ವರ್ಡಿನ ಮಾರ್ಕ್-1 ಗಣಕಯಂತ್ರದ ಕೆಲಸಕ್ಕೆ ನಿಯುಕ್ತರಾದರು.

ಪದೇ ಪದೇ ಬೇಕಾಗುವ ಗಣನವಿಧಿಗಳನ್ನು, ಎಂದರೆ ಸಬ್‌ರುಟೀನುಗಳನ್ನು, ಅಲ್ಲಿಯವರು ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟು, ಒಬ್ಬರದನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲಿ ಬಿ ಎಂಬ ಇಂಗ್ಲಿಷ್ ಅಕ್ಷರವು 13 ಎಂಬ ಅಂಕಿಯಾಗಿಬಿಡುವುದೂ ಉಂಟು. ಹೊಸ ಜಾಗಕ್ಕೆ ತಕ್ಕಂತೆ ವಿಳಾಸದ ಸಂಖ್ಯೆಗಳನ್ನು ಕೂಡಿಸುವಾಗ ಲೆಕ್ಕ ತಪ್ಪುವುದೂ ಉಂಟು. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಿದವರಿಗೆ ಇದು ಹೊಸತಲ್ಲ. ಲಿಪಿಕಾರನು ಎಷ್ಟೇ ವಿದ್ವಾಂಸನಾಗಿದ್ದರೂ ಅವನ ಕೈ ಒಮ್ಮೆಯಾದರೂ ತಪ್ಪುತ್ತದೆ.

ಹಾಪರ್ ಈ ತಪ್ಪಿಗಾಗಿ ಯಾರನ್ನೂ ಹಳಿಯಲಿಲ್ಲ; ನಕಲಿನ ಕೆಲಸವನ್ನೇ ಯಂತ್ರಕ್ಕೆ ವಹಿಸಿದರು. 1949ರಲ್ಲಿ ಫಿಲಡೆಲ್ಫಿಯದ ಎಕರ್ಟ್-ಮಾಚ್ಲಿ ಸಂಸ್ಥೆಯನ್ನು ಸೇರಿ, ಯುನಿವ್ಯಾಕ್ ಯಂತ್ರಕ್ಕಾಗಿ ಎ-0 ಎಂಬ ಕಂಪೈಲರನ್ನು 1952ರಲ್ಲಿ ಸಿದ್ಧಗೊಳಿಸಿದರು. ಪ್ರತಿಯೊಂದು ವಿಧಿಗೂ ಒಂದು ಕರೆಸಂಖ್ಯೆ. ಆ ಸಂಖ್ಯೆಯನ್ನು ಕೊಟ್ಟರೆ ಯಂತ್ರವೇ ಟೇಪಿನಿಂದ ವಿಧಿಯನ್ನು ಹುಡುಕಿ ತಂದು, ವಿಳಾಸಗಳನ್ನು ಸರಿಪಡಿಸಿ, ತಕ್ಕ ಜಾಗದಲ್ಲಿ ಜೋಡಿಸುವುದು. ಗಣಕಯಂತ್ರಕ್ಕೆ ಅಂಕಗಣಿತವಲ್ಲದೆ ಬೇರೇನೂ ಸಾಧ್ಯವಿಲ್ಲವೆಂದು ನಂಬಿದ್ದವರು ಇದನ್ನು ಬಹುಕಾಲ ಒಪ್ಪಲಿಲ್ಲ. ಆಕೆ ಬಿಡಲಿಲ್ಲ. ಮುಂದೆ ಆಕೆಯ ಫ್ಲೋ-ಮ್ಯಾಟಿಕ್ ಭಾಷೆಯು 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿದ್ದು ನಿವೃತ್ತರಾದ ಆಕೆ 1992ರ ಜನವರಿ 1ರಂದು ತೀರಿಕೊಂಡರು.

ಇಂದು ಮಾಡ್ಯೂಲನ್ನು ಕರೆಯುವ ಪ್ರತಿಯೊಂದು ಸಾಲಿನ ಹಿಂದೆಯೂ ಆ ಕರೆಸಂಖ್ಯೆಯ ಕಲ್ಪನೆಯಿದೆ. ನಕಲಿನ ತಪ್ಪು ತೊಲಗಿತು. ಹೆಸರಿನ ತಪ್ಪು ಉಳಿಯಿತು. ಯಂತ್ರವು ನಮ್ಮ ಇಂಗಿತವನ್ನು ಅರಿಯದು. ಕರೆದ ಹೆಸರನ್ನು ಗೊತ್ತಾದ ನೆಲೆಯಲ್ಲಿ ಮಾತ್ರ ಹುಡುಕುವುದು. ಇದನ್ನು ತಿಳಿದ ಮೇಲೆ ನಮ್ಮ ವಿದ್ಯಾರ್ಥಿಯು ದೋಷ ಬಂದಾಗ ಮೊದಲು ಹೆಸರನ್ನೂ ಬಳಿಕ ನೆಲೆಯನ್ನೂ ನೋಡುತ್ತಾನೆ. ತನ್ನ ಬುದ್ಧಿಯನ್ನು ಹಳಿದುಕೊಳ್ಳುವುದನ್ನು ಬಿಟ್ಟಿದ್ದಾನೆ.