ಕೋಳಿಗೂಡಿನಲ್ಲೊಂದು ಸ್ಟುಡಿಯೋ: ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್

ವಾರವಿಡೀ ಆಫೀಸಿನ ಕೋಡ್ ನೋಡಿ ಸಾಕಾದ ಮೇಲೆ ಭಾನುವಾರಕ್ಕೆಂದು ನಾನೊಂದು ಹುಚ್ಚು ಇಟ್ಟುಕೊಂಡಿದ್ದೇನೆ. ಹಳೆಯ ಫೋಟೋಗಳನ್ನು ಶಬ್ದವಾಗಿಸುವುದು! ಎಂ.ಟೆಕ್.ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದ್ದರ ಪಳೆಯುಳಿಕೆ ಅನ್ನಿ. ಕಂಪ್ಯೂಟರ್ ಚಿತ್ರವನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಮೇಲಿನ ಚುಕ್ಕೆಗೆ ತಾರ ಸ್ವರ, ಕೆಳಗಿನದಕ್ಕೆ ಮಂದ್ರ. ಬೆಳಕು ಹೆಚ್ಚಿದ್ದಲ್ಲಿ ಸದ್ದೂ ಜೋರು. ನಮ್ಮ ಮನೆಯವರು ಇದಕ್ಕೆ ಮಿಕ್ಸಿ ಸಂಗೀತ ಎಂದು ಹೆಸರಿಟ್ಟಿದ್ದಾರೆ. ಮೊಬೈಲಿನ ಚೂಪಾದ ಫೋಟೋಗಳಿಗೆ ಆ ಹೆಸರು ಸರಿಯೇ. ಆದರೆ ಒಮ್ಮೆ ವಿಕ್ಟೋರಿಯಾ ರಾಣಿಯ ಕಾಲದ ಒಂದು ಮುಖವನ್ನು ಹಾಕಿದಾಗ, ತಂಬೂರಿ ಮೀಟಿದ ಹಾಗೆ ದನಿ ಮೆಲ್ಲಗೆ ಏರಿ ಇಳಿಯಿತು. ಆ ಚಿತ್ರ ತೆಗೆದವರು ಯಾರೆಂದು ಹುಡುಕಿ ಹೊರಟಾಗ ಸಿಕ್ಕವರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್.

ಜೂಲಿಯಾ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲೇ, 1815ರಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ತಾಯಿ ಫ್ರೆಂಚ್ ಮೂಲದವರು. ಅಕ್ಕತಂಗಿಯರು ರೂಪಕ್ಕೆ ಹೆಸರಾದರೆ ಇವರು ಚುರುಕು ಬುದ್ಧಿಗೆ. 1836ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದಾಗ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಪರಿಚಯವಾದರು. ಫೋಟೋಗ್ರಫಿ ಎಂಬುದೊಂದು ಬಂದಿದೆ ಎಂದು ಮುಂದೆ ಪತ್ರ ಬರೆದು ತಿಳಿಸಿದವರು ಅವರೇ. ಕಾನೂನು ಪಂಡಿತ ಚಾರ್ಲ್ಸ್ ಹೇ ಕ್ಯಾಮೆರಾನ್ ಭೇಟಿಯಾದದ್ದೂ ಕೇಪ್‌ನಲ್ಲೇ. 1838ರಲ್ಲಿ ಕಲ್ಕತ್ತೆಯಲ್ಲಿ ಮದುವೆ. ಗಂಡನಿಗೆ ಇಪ್ಪತ್ತು ವರ್ಷ ಹೆಚ್ಚು ವಯಸ್ಸು. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ಹೋಯಿತು.

ಮುಖ್ಯ ಕಥೆ ಶುರುವಾಗುವುದು 1863ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ 48 ವರ್ಷ. ಮಕ್ಕಳು ದೊಡ್ಡವರಾಗಿದ್ದರು, ಗಂಡ ಸಿಲೋನಿನ ಕಾಫಿ ತೋಟ ನೋಡಲು ಹೋಗಿದ್ದರು. ಅಮ್ಮನಿಗೆ ಒಂಟಿತನ ಕಾಡಬಾರದೆಂದು ಮಗಳು ಮತ್ತು ಅಳಿಯ ಒಂದು ಕ್ಯಾಮೆರಾ ಕೊಟ್ಟರು. (ಬಾಣಂತನದ ನಂತರ ಎರಡು ವರ್ಷ ಬಿಟ್ಟು ನಾನು ಇಂಟರ್ವ್ಯೂಗೆ ಹೋದಾಗ, ಕಾಲ ಮಿಂತು ಬಂದವಳಂತೆ ನೋಡಿದವರು ನೆನಪಾದರು. ಆಗ ನನಗೆ 33!)

ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್‌ನಲ್ಲಿದ್ದ ಅವರ ಮನೆಯಲ್ಲಿ ಕಲ್ಲಿದ್ದಲಿನ ಕೋಣೆ ಡಾರ್ಕ್‌ರೂಮ್ ಆಯಿತು. ಕೋಳಿಗಳನ್ನು ಹೊರಗೆ ಬಿಟ್ಟು, ಗಾಜಿನ ಆ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡರು. ತೆಗೆದ ಮೊದಲ ಚಿತ್ರವನ್ನು, ಇನ್ನೂ ಹಸಿಯಿದ್ದ ಗಾಜಿನ ಮೇಲೆ ಕೈಯಾಡಿಸಿ ಸ್ವತಃ ಅಳಿಸಿಹಾಕಿದರು. ಆಗಿನ ಕೆಲಸ ಅಂಥದ್ದು. ಗಾಜಿನ ಹಲಗೆಗೆ ಕೊಲೋಡಿಯನ್ ಹಚ್ಚಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕು. ಬೆರಳುಗಳೆಲ್ಲ ಕಪ್ಪು. ಕೂತವರು ನಿಮಿಷಗಟ್ಟಲೆ ಅಲುಗಬಾರದು. ಆದರೆ ಉಸಿರಾಡುವ ಮನುಷ್ಯ ಅಲುಗದಿರುತ್ತಾನೆಯೇ? ಹಾಗಾಗಿ ಮುಖಗಳೆಲ್ಲ ಸ್ವಲ್ಪ ಮಸುಕು. ಬೇಕೆಂದೇ ಫೋಕಸ್ಸನ್ನೂ ಸಡಿಲ ಬಿಡುತ್ತಿದ್ದರು.

ಫೋಟೋಗ್ರಫಿ ಸಂಘದ ಗಂಡಸರಿಗೆ ಇದು ಹಿಡಿಸಲಿಲ್ಲ. ಫೋಕಸ್ ಇಲ್ಲ, ಕಲೆ ಇದೆ, ಬಿರುಕಿದೆ, ಬೆರಳಚ್ಚಿದೆ ಎಂದು ಆಡಿಕೊಂಡರು. ಅವರು ಹೇಳಿದ ದೋಷಗಳೇನೋ ಇದ್ದವು, ನಿಜ. ಜೂಲಿಯಾ ತಿದ್ದಲು ಹೋಗಲಿಲ್ಲ, ಅಷ್ಟೆ. 1865ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಅವರ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. ಡಾರ್ವಿನ್, ಟೆನಿಸನ್, ಪಿಟೀಲು ವಿದ್ವಾಂಸ ಜೋಸೆಫ್ ಯೋಹಾಕಿಂ, ಎಲ್ಲರೂ ಬಂದು ಕೂತರು. ಹರ್ಷೆಲ್ ಅಜ್ಜನ ಬಿಳಿ ಕೂದಲನ್ನಂತೂ ತೊಳೆಸಿ, ಕೆದರಿಸಿ ಕೂರಿಸಿದರು.

ನನಗೆ ಹೆಚ್ಚು ಇಷ್ಟವಾದವಳು ಮೇರಿ ರಯಾನ್. ಭಿಕ್ಷೆ ಬೇಡುತ್ತಿದ್ದ ಐರಿಷ್ ಹೆಂಗಸಿನ ಮಗಳು. ಜೂಲಿಯಾ ಮನೆಗೆ ಕರೆತಂದು ಓದಿಸಿದರು, ಮನೆಗೆಲಸಕ್ಕೂ ಇಟ್ಟುಕೊಂಡರು, ಚಿತ್ರಕ್ಕೂ ಕೂರಿಸಿದರು. ಪ್ರದರ್ಶನದಲ್ಲಿ ಅವಳ ಚಿತ್ರ ಕಂಡು ಮನಸೋತ ಹೆನ್ರಿ ಕಾಟನ್ 1867ರಲ್ಲಿ ಅವಳನ್ನು ಮದುವೆಯಾದರು. ಮುಂದೆ 1904ರಲ್ಲಿ ನಮ್ಮ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದ ಸರ್ ಹೆನ್ರಿ ಕಾಟನ್ ಇವರೇ!

ಮೇರಿಯ ಚಿತ್ರವನ್ನು ಶಬ್ದವಾಗಿಸುವಾಗ ನಾನೂ ಆ ಸಂಘದ ಗಂಡಸರ ಕೆಲಸವನ್ನೇ ಮಾಡಿದೆ. ಗೀರು, ಚುಕ್ಕೆಗಳೆಲ್ಲ ಟಿಕ್ ಟಿಕ್ ಎನ್ನುತ್ತಿದ್ದವು. ಫಿಲ್ಟರ್ ಹಾಕಿ ತೆಗೆದೆ. ಲಿಫ್ಟಿನಲ್ಲಿ ಬರುವ ಸಂಗೀತದ ಹಾಗಾಯಿತು. ಎಲ್ಲವನ್ನೂ ವಾಪಸ್ ಹಾಕಿದೆ.

ಜೂಲಿಯಾ ಫೋಟೋಗಳಿಂದ ಹಣ ಬರಲಿ ಎಂದು ಆಸೆಪಟ್ಟಿದ್ದರು. ಮನೆಗೆ ಬೇಕಾದಷ್ಟು ಬರಲಿಲ್ಲ. ಕ್ಯಾಮೆರಾ ಕೊಟ್ಟ ಮಗಳು 1873ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಅಮ್ಮನಿಗೆ ಒಂಟಿತನ ಕಾಡದಿರಲೆಂದು ಬಯಸಿದ್ದ ಮಗಳು. 1875ರಲ್ಲಿ ಗಂಡ ಹೆಂಡತಿ ಸಿಲೋನಿಗೆ ಹೊರಟರು. ತಮ್ಮ ಶವಪೆಟ್ಟಿಗೆಗಳನ್ನೂ, ಒಳಗೆ ಪಿಂಗಾಣಿ ಪಾತ್ರೆ ತುಂಬಿಸಿ, ಜೊತೆಗೆ ಒಯ್ದರಂತೆ. ಅಲ್ಲಿ ತೆಗೆದ ಚಿತ್ರಗಳು ಕಡಿಮೆ. 1879ರ ಜನವರಿ 26ರಂದು ಅಲ್ಲೇ ಕೊನೆಯುಸಿರೆಳೆದರು; ಸಮಾಧಿ ಬೊಗವಂತಲಾವದ ಚರ್ಚಿನ ಅಂಗಳದಲ್ಲಿದೆ.

ಆ ಸಿಲೋನಿನ ಚಿತ್ರಗಳಲ್ಲಿ ಕಳುತರದ ಹಳ್ಳಿಗರ ಗುಂಪು ಒಂದಿದೆ. ಇಂಗ್ಲೆಂಡಿನಲ್ಲಿ ಮನೆಗೆಲಸದವಳ ಹೆಸರೂ ನಮಗೆ ಗೊತ್ತು. ಇಲ್ಲಿ ಶೀರ್ಷಿಕೆಯಲ್ಲಿ ಊರಿನ ಹೆಸರು ಮಾತ್ರ, ಮನುಷ್ಯರದ್ದಿಲ್ಲ. ಈ ಒಂದು ವಿಷಯಕ್ಕೆ ಜೂಲಿಯಾ ಮೇಲೆ ನನಗೆ ಸಿಟ್ಟಿದೆ. ಹೋದ ತಿಂಗಳು ಆ ಚಿತ್ರವನ್ನೂ ಶಬ್ದವಾಗಿಸಿದೆ. ಮೇರಿಯ ಫೈಲಿಗೆ ಮೇರಿ ಎಂದೇ ಹೆಸರಿಟ್ಟಿದ್ದೆ. ಇದಕ್ಕೆ ಏನಿಡಬೇಕೆಂದು ತಿಳಿಯದೆ ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇನ್ನೂ ಹೆಸರಿಲ್ಲದ ಫೈಲಾಗಿಯೇ ಉಳಿದಿದೆ.