ನಿಲ್ಲಿಸಿದರೂ ನಿಲ್ಲದ ಕಾದಂಬರಿ

ಫೀಸು ಕಟ್ಟೋಕಾಗದೆ ಓದು ಬಿಟ್ಟವರ ಕಥೆ ನಮಗೆ ಹೊಸದಲ್ಲ. ಜಪಾನಿನ ಜುನಿಚಿರೊ ತನಿಜಾಕಿ ಕೂಡ ಹಾಗೇ ಟೋಕಿಯೊ ವಿಶ್ವವಿದ್ಯಾಲಯ ಬಿಟ್ಟವರು. 1886ರಲ್ಲಿ ಟೋಕಿಯೊದ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದರು. ತಾತ ಗಳಿಸಿದ್ದು ಅಪ್ಪನ ಕಾಲಕ್ಕೆ ಕರಗಿತ್ತು. ಬಾಳಿ ಬದುಕಿದ ಮನೆ ಇಳಿಯೋದು ಹೇಗಿರುತ್ತೆ ಅಂತ ಚಿಕ್ಕಂದಿನಲ್ಲೇ ಕಂಡರು.

1923ರ ಭೂಕಂಪ ಟೋಕಿಯೊವನ್ನು ಸುಟ್ಟು ಕೆಡವಿದ ಮೇಲೆ ಒಸಾಕಾ, ಕೋಬೆ ಕಡೆ ನೆಲೆಸಿದರು. ಪಾಶ್ಚಾತ್ಯ ಬದುಕಿನ ಹುಚ್ಚಿದ್ದ ಮನುಷ್ಯ ಅಲ್ಲಿನ ಹಳೇ ಮಾತು, ಊಟ, ಆಚಾರಗಳಿಗೆ ಮನಸೋತರು. 1935ರಲ್ಲಿ ಕೈಹಿಡಿದ ಮತ್ಸುಕೊ, ಒಸಾಕಾದ ವ್ಯಾಪಾರಿ ಮನೆತನದ ನಾಲ್ವರು ಅಕ್ಕತಂಗಿಯರಲ್ಲಿ ಒಬ್ಬರು. ಆ ಅಕ್ಕತಂಗಿಯರೇ ‘ಸಸಮೆಯುಕಿ’ ಕಾದಂಬರಿಗೆ ಮೂಲ. ಮೂರನೆಯವಳಿಗೆ ಗಂಡು ಹುಡುಕೋದು, ಬಂದ ಸಂಬಂಧ ಮುರಿಯೋದು, ದುಡ್ಡು ಹೋದರೂ ಮರ್ಯಾದೆ ಬಿಡದ ಮನೆ, ವರ್ಷಕ್ಕೊಮ್ಮೆ ಕ್ಯೋಟೊದಲ್ಲಿ ಚೆರ್ರಿ ಹೂ ನೋಡೋದು. ಇಷ್ಟೇ ಕಥೆ.

1943ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಯುದ್ಧಕಾಲಕ್ಕೆ ಇಂಥ ಮೆತ್ತನೆಯ ಬದುಕಿನ ಕಥೆ ತಕ್ಕದ್ದಲ್ಲ ಅಂತ ಸೇನೆಯವರು ತಕರಾರು ತೆಗೆದರು. ಎರಡೇ ಕಂತಿಗೆ ನಿಂತುಹೋಯಿತು. 1944ರಲ್ಲಿ ಖಾಸಗಿಯಾಗಿ ಮೊದಲ ಭಾಗ ಅಚ್ಚು ಹಾಕಿಸಿ ಸ್ನೇಹಿತರಿಗೆ ಹಂಚಿದರು. ಅದಕ್ಕೂ ಅಧಿಕಾರಿಗಳು ಅಡ್ಡ ಬಂದರು. ಅಚ್ಚಾಗುತ್ತೋ ಇಲ್ಲವೋ ಗೊತ್ತಿಲ್ಲದೆ, ಬಾಂಬು ದಾಳಿಗೆ ಊರು ಬದಲಿಸುತ್ತಲೇ ಬರೆದರು. 1948ರಲ್ಲಿ ಮುಗಿಸಿದರು; ಮರುವರ್ಷ ಸರ್ಕಾರವೇ ಅವರಿಗೆ ಸಂಸ್ಕೃತಿ ಪದಕ ಕೊಟ್ಟಿತು. 1965ರಲ್ಲಿ ತೀರಿಕೊಂಡರು.

ಯುದ್ಧ ಗೆಲ್ಲೋಕೆ ಅಡ್ಡಿ ಅಂತ ಸೇನೆ ತಡೆದದ್ದು ಒಂದು ಹೆಣ್ಣಿನ ಮದುವೆ ಮಾತುಕತೆಯನ್ನು. ಆ ಜಪಾನ್ ಹೇಗಿತ್ತು ಅಂತ ಇವತ್ತು ನಾವು ತಿಳಿಯೋದು ಆ ಮಾತುಕತೆಯಿಂದಲೇ.